ಸಹಾಯ ಬೇಕು: ಮಗನ ಡಸ್ಟ್ ಮೈಟ್ ಅಲರ್ಜಿಗೆ ಇಂಜೆಕ್ಷನ್ನಾ, ಡ್ರಾಪ್ಸಾ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಮಗನಿಗೆ 7 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ಮೂಗು ಮೇಲಕ್ಕೆ ಉಜ್ಜಿ ಉಜ್ಜಿ ಅಡ್ಡಗೆರೆಯೇ ಬಿದ್ದಿದೆ. ಮಳೆಗಾಲದಲ್ಲಿ ಉಬ್ಬಸ ಬೇರೆ. ಇನ್‌ಹೇಲರ್‌ನಿಂದ ಈಗ ಹತೋಟಿಯಲ್ಲಿದೆ.

ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್‌ನಲ್ಲಿ ಡಸ್ಟ್ ಮೈಟ್‌ಗೆ (ಹಾಸಿಗೆ, ದಿಂಬಿನ ಧೂಳಲ್ಲಿರುವ ಕಣ್ಣಿಗೆ ಕಾಣದ ಹುಳ) ದೊಡ್ಡ ದದ್ದು ಎದ್ದಿತು. ಉಳಿದದ್ದಕ್ಕೆ ಏನೂ ಇಲ್ಲ. ಡಾಕ್ಟರ್ ಇಮ್ಯುನೋಥೆರಪಿ ಮಾಡಿಸಿ ಅಂದಿದ್ದಾರೆ. ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವುದಂತೆ. ಕನಿಷ್ಠ 3 ವರ್ಷ ಬಿಡದೆ ಮಾಡಬೇಕು.

ಇಂಜೆಕ್ಷನ್ ಆದರೆ ಮೊದಲ ಕೆಲವು ತಿಂಗಳು ವಾರ ವಾರ, ಆಮೇಲೆ ತಿಂಗಳಿಗೊಮ್ಮೆ. ಅಪರೂಪಕ್ಕೆ ಜೋರು ರಿಯಾಕ್ಷನ್ ಆಗಬಹುದು, ಅದಕ್ಕೆ ಪ್ರತಿ ಸಲ ಅರ್ಧ ಗಂಟೆ ಅಲ್ಲೇ ಕೂರಬೇಕು. ನಮಗೆ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಸ್ಕೂಲ್ ಮುಗಿದೇ ಹೋಗುತ್ತದೆ! ಡ್ರಾಪ್ಸ್ ಮೊದಲ ಸಲ ಡಾಕ್ಟರ್ ಎದುರು, ಆಮೇಲೆ ಮನೆಯಲ್ಲೇ, ನಾಲಿಗೆ ಕೆಳಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ಆದರೆ ಇವನು ಬಾಯಲ್ಲಿ ಏನು ಹಾಕಿದರೂ ತಕ್ಷಣ ನುಂಗುವವನು.

ಹಾಸಿಗೆ, ದಿಂಬಿಗೆ ಜಿಪ್ ಕವರ್ ಹಾಕಿದ್ದೇವೆ. ಚಾದರ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುತ್ತೇವೆ. ಅತ್ತೆ ಎಲ್ಲಾ ಬಿಸಿಲಿಗೆ ಹಾಕು ಅಂತಾರೆ. ಜುಲೈನಲ್ಲಿ ನಮ್ಮೂರಲ್ಲಿ ಬಿಸಿಲು ಎಲ್ಲಿಂದ ತರಲಿ?

ಮಕ್ಕಳಿಗೆ ಡ್ರಾಪ್ಸ್ ಕೊಟ್ಟವರು ದಯವಿಟ್ಟು ಹೇಳಿ: ಬಾಯಿ ತುರಿಕೆ ಎಷ್ಟು ದಿನ ಇತ್ತು? ಜ್ವರ ಬಂದಾಗ, ಹಲ್ಲು ಬಿದ್ದಾಗ ನಿಲ್ಲಿಸಿದಿರಾ? ಫ್ರಿಜ್‌ನಲ್ಲಿಡುವ ಬಾಟಲಿ ಆದರೆ ಕರೆಂಟ್ ಹೋದಾಗ ಏನು ಮಾಡಿದಿರಿ? ತಿಂಗಳ ಖರ್ಚು ಅಂದಾಜು ಎಷ್ಟಾಯಿತು ಅಂತಾನೂ ಬರೆಯಿರಿ.