ಹೊಸ ಕಂಪ್ಯೂಟರ್ ಬಂದ ಮೇಲೆ ರಾತ್ರಿ ಬಂದ ಮೇಲ್ ಬೆಳಿಗ್ಗೆ ಇರುವುದಿಲ್ಲ

ಮಣೂಕದಂಗಡಿ (ವಿಜಯಪುರ):
ಎಲ್ಲರಿಗೂ ನಮಸ್ಕಾರ. ನಮ್ಮದು ಮಣೂಕದ ವ್ಯಾಪಾರ. ತಿಕೋಟಾ ಕಡೆಯ ರೈತರಿಂದ ಒಣದ್ರಾಕ್ಷಿ ತಗೊಂಡು, ಆರಿಸಿ, 15 ಕೆಜಿ ಬಾಕ್ಸ್ ಮಾಡಿ ಬೇಕರಿಗಳಿಗೆ ಕಳಿಸುತ್ತೇವೆ. ಮಾಲು ನೋಡುವವರು ನಮ್ಮ ಯಜಮಾನರು. ಬಿಲ್ಲು, ಜಿಎಸ್‌ಟಿ, ಮೇಲ್ ಎಲ್ಲ ನನ್ನ ತಲೆಗೆ.

ಹಳೆ ಕಂಪ್ಯೂಟರ್ ವಿಂಡೋಸ್ 10ರದು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತು. 11 ಹಾಕಲು ಆ ಮಷಿನ್ ಒಪ್ಪಲಿಲ್ಲ. ದೀಪಾವಳಿ ಪಾಡ್ಯದ ದಿನ ಹೊಸದಕ್ಕೆ ಕುಂಕುಮ ಹಚ್ಚಿ ಕೂರಿಸಿದೆವು. ಅದೇ ವಾರ ಇಂಟರ್‌ನೆಟ್ ಕನೆಕ್ಷನ್ ಕೂಡ ಬದಲಾಯಿತು. ಹಳೆಯದು ಇನ್ನೂ ಚೆನ್ನಾಗೇ ಓಡುತ್ತಿತ್ತು. ಸುಮ್ನೆ ಮೂಲೆಗೆ ಯಾಕೆ ಹಾಕಬೇಕು ಅಂತ ಬಾಗಲಕೋಟೆ ನವನಗರದಲ್ಲಿ ರೂಮ್ ಮಾಡಿಕೊಂಡು ಡಿಪ್ಲೊಮಾ ಓದುವ ಅಕ್ಕನ ಮಗನಿಗೆ ಕೊಟ್ಟೆ.

ನಮ್ಮ ಮೇಲ್ ಅಂಗಡಿಯದೇ ಡೊಮೈನ್ ಹೆಸರಿನಲ್ಲಿದೆ. ಮೇಲ್ ಇಳಿಸಿ ಓದುವ ಸಾಫ್ಟ್‌ವೇರ್ ಮೊದಲೂ ಥಂಡರ್‌ಬರ್ಡ್, ಈಗಲೂ ಥಂಡರ್‌ಬರ್ಡ್. ಡೈರಿಯಲ್ಲಿ ಬರೆದಿಟ್ಟಿದ್ದ ಸೆಟ್ಟಿಂಗನ್ನೇ ನೋಡಿ ಹಾಕಿದೆ. ಬರುವ ಮೇಲ್‌ಗೆ ಪಾಪ್, ಪೋರ್ಟ್ 110. ಕಳಿಸಲು ಎಸ್‌ಎಂಟಿಪಿ, ಪೋರ್ಟ್ 25.

ಈಗ ತೊಂದರೆ ಎರಡು. ಒಂದು, ಒಂದೂ ಮೇಲ್ ಹೋಗುತ್ತಿಲ್ಲ. ಸ್ವಲ್ಪ ಹೊತ್ತು ತಿರುಗಿ ಟೈಮ್ ಔಟ್ ಅನ್ನುತ್ತದೆ. ಸದ್ಯ ವೆಬ್‌ಮೇಲ್‌ನಿಂದ ಕಳಿಸುತ್ತಿದ್ದೇನೆ. ಇನ್ನೊಂದು ನನ್ನ ನಿದ್ದೆ ಕೆಡಿಸಿದೆ. ಹಗಲು ಬಂದ ಮೇಲ್ ಸರಿಯಾಗಿ ಸಿಗುತ್ತದೆ. ರಾತ್ರಿ ಬಂದದ್ದು ಸಿಗುವುದಿಲ್ಲ. ಭಾನುವಾರದ್ದಂತೂ ಒಂದೂ ಇಲ್ಲ. ಹುಬ್ಬಳ್ಳಿಯ ಬೇಕರಿಯವರು 40 ಬಾಕ್ಸ್‌ಗೆ ಮೇಲ್ ಹಾಕಿದ್ದರಂತೆ. ಬಂದೇ ಇಲ್ಲ ಅಂತ ನಾನು ಫೋನಿನಲ್ಲಿ ವಾದಿಸಿದೆ. ಆಮೇಲೆ ನನಗೇ ಅನುಮಾನ ಬಂತು. ಮೊನ್ನೆ ರಾತ್ರಿ 8ಕ್ಕೆ ಫೋನಿನಲ್ಲಿ ವೆಬ್‌ಮೇಲ್ ತೆಗೆದರೆ ತಾಸಗಾಂವದ ಅಡತಿಯವರ ಲೆಕ್ಕಪಟ್ಟಿ ಬಂದಿತ್ತು. ನಾಳೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿನಲ್ಲೂ ಇಲ್ಲ, ವೆಬ್‌ಮೇಲ್‌ನಲ್ಲೂ ಇಲ್ಲ! ಸ್ಪ್ಯಾಮ್, ಟ್ರ್ಯಾಶ್ ಎಲ್ಲ ಜಾಲಾಡಿದೆ.

ಮೇಲ್ ಸೇವೆಯವರು "ನಮ್ಮ ಕಡೆ ಎಲ್ಲ ಸರಿ ಇದೆ" ಅಂತಾರೆ. ಕಂಪ್ಯೂಟರ್ ರಿಪೇರಿಯವನು ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡೋಣ ಅಂತಾನೆ. ಹೊಸ ಮಷಿನ್‌ಗೆ ಫಾರ್ಮ್ಯಾಟಾ?

ಕುಂದಾ_ಕೆಎ22:
ಅಕ್ಕಾ, ನಿಮ್ಮ ಡೊಮೈನ್‌ಗೆ ಎಸ್‌ಪಿಎಫ್, ಡಿಕಿಮ್ ರೆಕಾರ್ಡ್ (ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಗುರುತು) ಇವೆಯಾ? 2024ರ ಫೆಬ್ರವರಿಯಿಂದ ಜೀಮೇಲ್ ಬಿಗಿ ಮಾಡಿದೆ. ಎರಡರಲ್ಲಿ ಒಂದಾದರೂ ಇಲ್ಲದಿದ್ದರೆ ಮೇಲ್ ವಾಪಸ್ ಬರುತ್ತದೆ. ನನಗೂ ಹೀಗೇ ಆಗಿತ್ತು.

ತಂತಿಪಕ್ಷಿ (ಬೆಳಗಾವಿ):
ಕುಂದಾ ಅವರೇ, ಅದು ಡೊಮೈನ್‌ನ ವಿಷಯ. ಕಂಪ್ಯೂಟರ್ ಬದಲಾದರೆ ಎಸ್‌ಪಿಎಫ್ ಬದಲಾಗುವುದಿಲ್ಲ. ಜೊತೆಗೆ ಇವರ ಮೇಲ್ ವಾಪಸ್ ಬರುತ್ತಿಲ್ಲ, ಮನೆ ಬಿಟ್ಟು ಹೊರಟೇ ಇಲ್ಲ.

ಅಕ್ಕಾ, ಮೊದಲ ತೊಂದರೆ ಸಣ್ಣದು. ಸ್ಪ್ಯಾಮ್ ತಡೆಯಲು ಎಷ್ಟೋ ಇಂಟರ್‌ನೆಟ್ ಕಂಪನಿಗಳು ಪೋರ್ಟ್ 25 ಮುಚ್ಚಿರುತ್ತವೆ. ನಿಮ್ಮ ಹಳೆ ಕನೆಕ್ಷನ್‌ನಲ್ಲಿ ಅದು ತೆರೆದಿತ್ತು, ಹೊಸದರಲ್ಲಿ ಇಲ್ಲ, ಅಷ್ಟೇ. ಅಕೌಂಟ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಔಟ್‌ಗೋಯಿಂಗ್ ಸರ್ವರ್ ಅಂತ ಇರುತ್ತದೆ. ಅಲ್ಲಿ 25 ತೆಗೆದು 587 ಹಾಕಿ, ಸೆಕ್ಯುರಿಟಿ ಸ್ಟಾರ್ಟ್‌ಟಿಎಲ್‌ಎಸ್ ಮಾಡಿ, ಯೂಸರ್‌ನೇಮ್‌ಗೆ ಪೂರ್ತಿ ಮೇಲ್ ಐಡಿ ಕೊಡಿ. 587 ಒಪ್ಪದಿದ್ದರೆ 465, ಎಸ್‌ಎಸ್‌ಎಲ್.

ಎರಡನೆಯದಕ್ಕೆ ಒಂದೇ ಪ್ರಶ್ನೆ. ಅಕ್ಕನ ಮಗನಿಗೆ ಕೊಡುವಾಗ ಹಳೆ ಕಂಪ್ಯೂಟರಿನಿಂದ ಥಂಡರ್‌ಬರ್ಡ್ ತೆಗೆದಿದ್ದಿರಾ? ಅವನು ಅದನ್ನು ಎಷ್ಟು ಹೊತ್ತಿಗೆ ಆನ್ ಮಾಡುತ್ತಾನೆ?

ಮಣೂಕದಂಗಡಿ (ವಿಜಯಪುರ):
587 ಹಾಕಿದ ಕೂಡಲೇ ಮೇಲ್ ಹೋಯಿತು. ಬೆಳಗಾವಿ ಅಣ್ಣಾ, ನಿಮಗೆ ಪುಣ್ಯ ಬರಲಿ.

ಹುಡುಗನಿಗೆ ಫೋನ್ ಮಾಡಿದೆ. "ಚಿಗವ್ವಾ, ಕಂಪ್ಯೂಟರ್ ಆನ್ ಮಾಡಿದರೆ ಅದು ತಾನೇ ಓಪನ್ ಆಗ್ತದ. ನಾ ಸಣ್ಣದು ಮಾಡಿ ಗೇಮ್ ಆಡ್ತೀನಿ" ಅಂದ. ಬೆಳಿಗ್ಗೆ ಬಂದ ಕೂಡಲೇ ಮೇಲ್ ತೆರೆದಿರಲಿ ಅಂತ ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದ್ದವಳು ನಾನೇ. ಅವನು ರೂಮಿಗೆ ಬಂದು ಆನ್ ಮಾಡುವುದು ರಾತ್ರಿ 9ಕ್ಕೆ. ಭಾನುವಾರ ಇಡೀ ದಿನ. ಅದರಲ್ಲಿ 214 ಮೇಲ್ ಓದದೆ ಕೂತಿವೆಯಂತೆ. ಆದರೆ ಅಣ್ಣಾ, ಅಲ್ಲಿಗೆ ಬಂದರೆ ಬರಲಿ, ಇಲ್ಲಿಂದ ಯಾಕೆ ಹೋಗಬೇಕು?

ತಂತಿಪಕ್ಷಿ (ಬೆಳಗಾವಿ):
ಪಾಪ್ ಅಂದರೆ ಪೋಸ್ಟ್ ಆಫೀಸಿಗೆ ಹೋಗಿ ಚೀಲ ತಂದಂತೆ. ಮೊದಲು ಹೋದವರಿಗೆ ಟಪಾಲು ಸಿಗುತ್ತದೆ, ಆಮೇಲೆ ಹೋದವರಿಗೆ ಖಾಲಿ ಗೂಡು. ಸರ್ವರ್‌ನಲ್ಲಿ ಒಂದು ಪ್ರತಿ ಉಳಿಯಬೇಕಾದರೆ 'ಲೀವ್ ಮೆಸೇಜಸ್ ಆನ್ ಸರ್ವರ್' ಟಿಕ್ ಇರಬೇಕು. ಹಳೆಯದರಲ್ಲಿ ನೀವು ಅದನ್ನು ತೆಗೆದಿರುತ್ತೀರಿ. ಸರ್ವರ್‌ನಲ್ಲಿ ಜಾಗ ಕಮ್ಮಿ ಇದ್ದವರೆಲ್ಲ ಹಾಗೇ ಮಾಡುತ್ತಿದ್ದರು. ಹಗಲು ಬಂದದ್ದನ್ನು ನೀವು ಮೊದಲೇ ಇಳಿಸಿಕೊಳ್ಳುತ್ತೀರಿ. ಹಾಗಾಗಿ ಅದು ಅಂಗಡಿಯಲ್ಲಿ ಉಳಿಯಿತು.

ಈಗ ಮಾಡುವ ಕ್ರಮ ಮುಖ್ಯ. ಥಂಡರ್‌ಬರ್ಡ್ ಅನ್‌ಇನ್‌ಸ್ಟಾಲ್ ಮಾಡು, ಫಾರ್ಮ್ಯಾಟ್ ಮಾಡು ಅಂತ ಹುಡುಗನಿಗೆ ದಯವಿಟ್ಟು ಹೇಳಬೇಡಿ! ಆ 214 ಮೇಲ್ ಜಗತ್ತಿನಲ್ಲಿ ಇರುವುದು ಆ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ. ನಿಮ್ಮ ಹಳೆ ವರ್ಷಗಳ ಮೇಲ್ ಕೂಡ ಅಲ್ಲೇ. ಮೊದಲು ಥಂಡರ್‌ಬರ್ಡ್ ಮುಚ್ಚಿ, ಮೇಲ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಸಿ. ಇವತ್ತೇ ಮೇಲ್ ಪಾಸ್‌ವರ್ಡ್ ಬದಲಾಯಿಸಿ. ಅಲ್ಲಿಗೆ ಹಳೆ ಮಷಿನ್ ಮೇಲ್ ಎಳೆಯುವುದು ನಿಲ್ಲುತ್ತದೆ. 110 ಅನ್ನೋದು ಎನ್‌ಕ್ರಿಪ್ಶನ್ ಇಲ್ಲದೆ ಓಡುವ ಪೋರ್ಟ್, ಹಾಗಾಗಿ ಪಾಸ್‌ವರ್ಡ್ ಹೇಗೂ ಬದಲಾಯಿಸಬೇಕಾಗಿತ್ತು.

ಆಮೇಲೆ ಹೊಸದರಲ್ಲಿ ಪಾಪ್ ಬಿಟ್ಟು ಐಮ್ಯಾಪ್ ಹಾಕಿ, ಪೋರ್ಟ್ 993. ಅದರಲ್ಲಿ ಮೇಲ್ ಸರ್ವರ್‌ನಲ್ಲೇ ಉಳಿದು ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತದೆ. ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ತಿರುಗಿಸಲು ಬರುವುದಿಲ್ಲ, ಬೇರೆಯಾಗಿ ಸೇರಿಸಬೇಕು. ಹುಡುಗನ ಹತ್ತಿರವೂ ಹಾಗೇ ಒಂದು ಐಮ್ಯಾಪ್ ಖಾತೆ ಸೇರಿಸಿ, ಹಳೆ ಇನ್‌ಬಾಕ್ಸ್‌ನ ಆ ಮೇಲ್‌ಗಳನ್ನು ಅದರ ಇನ್‌ಬಾಕ್ಸ್‌ಗೆ ಕಾಪಿ ಮಾಡಿಸಿ. ಮೂವ್ ಬೇಡ, ಕಾಪಿ. ಅವು ಸರ್ವರ್‌ಗೆ ಏರಿ ನಿಮ್ಮಲ್ಲೂ ಕಾಣುತ್ತವೆ. ಕಾಪಿ ಆದ ಮೇಲೆ ಅವನ ಹತ್ತಿರದ ಖಾತೆ ತೆಗೆಸಿ. ಐಮ್ಯಾಪ್‌ನಲ್ಲಿ ಅವನು ಅಳಿಸಿದರೆ ನಿಮ್ಮದೂ ಅಳಿಯುತ್ತದೆ.

ಕುಂದಾ_ಕೆಎ22:
ನಾನು ಎಸ್‌ಪಿಎಫ್ ಹಿಡಕೊಂಡು ಎಲ್ಲಿಗೋ ಹೋಗಿದ್ದೆ. ಆದರೂ ಆ ರೆಕಾರ್ಡ್ ಒಮ್ಮೆ ನೋಡಿಸಿ ಅಕ್ಕಾ.

ಮಣೂಕದಂಗಡಿ (ವಿಜಯಪುರ):
ನೋಡಿಸಿದೆ, ಇದೆ.

ನಿನ್ನೆ ರಾತ್ರಿ ಹುಡುಗ, ನಾನು ಫೋನ್ ಹಿಡಿದು ಎರಡು ತಾಸು ಕೂತು ಮುಗಿಸಿದೆವು. 214ರಲ್ಲಿ ಅರ್ಧ ಬರೀ ಜಾಹೀರಾತು. ಹುಬ್ಬಳ್ಳಿಯವರ 40 ಬಾಕ್ಸ್ ಮೇಲ್ ಸಿಕ್ಕಿತು, ಭಾನುವಾರ ಮಧ್ಯಾಹ್ನ ಬಂದಿದೆ. ಅವರಿಗೆ ಫೋನ್ ಮಾಡಿ ತಪ್ಪು ನನ್ನದೇ ಅಂದೆ. ಮಾಲು ನಾಳೆ ಲಾರಿಗೆ ಹಾಕುತ್ತೇವೆ.

ಕಾಪಿ ಆಗುವ ತನಕ ಹುಡುಗ ಸುಮ್ನೆ ಕೂರಲಿಲ್ಲ, ಎಲ್ಲ ಓದಿದ್ದಾನೆ. "ಚಿಗವ್ವಾ, ತಾಸಗಾಂವದವರು ನಿಮಗ ತೂಕದಾಗ ಎರಡು ಬಾಕ್ಸ್ ಕಮ್ಮಿ ಹಿಡಿದಾರ ನೋಡು" ಅಂದ. ತೆಗೆದು ನೋಡಿದರೆ ಹೌದು.