ಮೂರು ತಿಂಗಳಿಂದ ಸೊಪ್ಪು ತಿಂದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಪ್ರಶ್ನೆ:
ನಮಸ್ಕಾರ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ತಿಳಿದಂದಿನಿಂದ ಪ್ರತಿದಿನವೂ ಪಾಲಕ್ ಸೊಪ್ಪನ್ನು ಬೇಯಿಸಿ, ನೀರು ಬಸಿದು ತಿನ್ನುತ್ತಿದ್ದೇನೆ. ಊಟವಾದ ಕೂಡಲೇ ಚಹಾ ಕುಡಿಯುವುದು ನನ್ನ ಹಳೆಯ ಅಭ್ಯಾಸ. ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಇನ್ನೊಂದು ಸಂದೇಹವೂ ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವ ನನ್ನ ತಂದೆಯವರು ಸೊಪ್ಪನ್ನು ಮುಟ್ಟಲೇಬಾರದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅದು ಸರಿಯೇ?

ಉತ್ತರ 1:
ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣವಿರುವುದು ನಿಜ. ಆದರೆ ತಟ್ಟೆಯಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸಸ್ಯಮೂಲದ ಕಬ್ಬಿಣವನ್ನು ನಮ್ಮ ಕರುಳು ಮಾಂಸದಲ್ಲಿರುವ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಅದರ ಮೇಲೆ ಚಹಾದಲ್ಲಿರುವ ಟ್ಯಾನಿನ್‌ಗಳು ಆ ಕಬ್ಬಿಣಕ್ಕೆ ಅಂಟಿಕೊಂಡು ಹೀರಿಕೆಯನ್ನು ಇನ್ನಷ್ಟು ತಗ್ಗಿಸುತ್ತವೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಬಡಿಸಿಕೊಂಡ ಸೊಪ್ಪಿನ ಮೇಲೆ ನಿಂಬೆರಸ ಹಿಂಡಿಕೊಳ್ಳಿ, ಏಕೆಂದರೆ ಸಿ ಜೀವಸತ್ವವು ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ರಕ್ತಹೀನತೆಯ ಕಾರಣವನ್ನು ವೈದ್ಯರಿಂದ ಪತ್ತೆ ಮಾಡಿಸಿಕೊಳ್ಳಬೇಕು. ಬಿ12 ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ, ಮತ್ತು ಸೊಪ್ಪು ಬಿ12ರ ಆಕರವಲ್ಲ.

ಉತ್ತರ 2:
ಬಸಿದ ನೀರಿನ ಬಗ್ಗೆ ಒಂದು ಮಾತು. ಸಿ ಜೀವಸತ್ವ ಮತ್ತು ಫೋಲೇಟ್ (ಬಿ ಗುಂಪಿನ ಒಂದು ಜೀವಸತ್ವ) ಎರಡೂ ನೀರಿನಲ್ಲಿ ಕರಗುವಂಥವು; ಬಸಿದು ಚೆಲ್ಲಿದರೆ ಅವುಗಳ ಒಂದು ಪಾಲು ಆ ನೀರಿನೊಂದಿಗೇ ಹೋಗುತ್ತದೆ. ಫೋಲೇಟ್ ಎಂಬ ಹೆಸರೇ ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು, ಹೊಸ ರಕ್ತಕಣಗಳು ರೂಪುಗೊಳ್ಳಲು ಅದು ಬೇಕೇ ಬೇಕು. ಹೀಗಾಗಿ ಸ್ವಲ್ಪವೇ ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಗನೆ ಬೇಯಿಸುವುದು ಮೇಲು. ಮೂತ್ರಪಿಂಡದಲ್ಲಿ ಆಕ್ಸಲೇಟ್ (ಪಾಲಕ್ ಸೊಪ್ಪಿನಲ್ಲಿರುವ ಒಂದು ವಸ್ತು) ಕಲ್ಲುಗಳಾಗುವವರ ವಿಷಯ ಬೇರೆ: ಅವರಿಗೆ ಬಸಿಯುವುದರಿಂದ ಆಕ್ಸಲೇಟ್ ತಗ್ಗುವ ಪ್ರಯೋಜನವಿದೆ. ಒಂದು ಚಮಚ ಎಣ್ಣೆಯ ಒಗ್ಗರಣೆಗೆ ಹಿಂಜರಿಯಬೇಡಿ. ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಸೊಪ್ಪಿನ ಬೀಟಾ ಕ್ಯಾರೊಟಿನ್ ಜಿಡ್ಡಿನೊಡನೆ ಚೆನ್ನಾಗಿ ಮೈಗೆ ಹತ್ತುತ್ತದೆ.

ಉತ್ತರ 3:
ನಿಮ್ಮ ತಂದೆಯವರ ವಿಚಾರದಲ್ಲಿ ಎಚ್ಚರಿಕೆ ಅಗತ್ಯ, ಆದರೆ ಪೂರ್ಣ ನಿಷೇಧ ಸಾಮಾನ್ಯವಾಗಿ ಬೇಕಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕೆ ಜೀವಸತ್ವವು ಹಸಿರು ಸೊಪ್ಪಿನಲ್ಲಿ ಧಾರಾಳವಾಗಿದೆ, ವಾರ್ಫರಿನ್ ಅದರ ಕೆಲಸವನ್ನೇ ತಡೆಯುವ ಔಷಧ. ಸೊಪ್ಪು ಒಮ್ಮೆಲೇ ಹೆಚ್ಚಾದರೆ ಔಷಧದ ಪ್ರಭಾವ ಕುಗ್ಗುತ್ತದೆ, ಥಟ್ಟನೆ ನಿಲ್ಲಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆದ್ದರಿಂದ ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರಬೇಕು. ನೀವು ಮನೆಯಲ್ಲಿ ನಿತ್ಯ ಸೊಪ್ಪು ಮಾಡಲು ಆರಂಭಿಸಿದ ಮೇಲೆ ಅವರೂ ಅದನ್ನೇ ಉಣ್ಣುತ್ತಿದ್ದರೆ, ದಯವಿಟ್ಟು ಈ ಬದಲಾವಣೆಯನ್ನು ಅವರ ವೈದ್ಯರಿಗೆ ತಿಳಿಸಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯನ್ನು ತಡಮಾಡದೆ ಮಾಡಿಸಿ.