ಸಹಾಯ ಬೇಕು: ವಾಲ್ಟನ್ ಹಿಂದಿರುಗಿದ್ದು ವಿವೇಕದಿಂದಲೋ, ಒತ್ತಾಯದಿಂದಲೋ?

ಎಲ್ಲರಿಗೂ ನಮಸ್ಕಾರ. ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ (1818) ಕಾದಂಬರಿಯ ಇಬ್ಬರು ಮಹತ್ವಾಕಾಂಕ್ಷಿಗಳನ್ನು, ಅಂದರೆ ಜೀವವನ್ನೇ ಸೃಷ್ಟಿಸಹೊರಟ ವಿಕ್ಟರ್‌ನನ್ನೂ ಉತ್ತರ ಧ್ರುವದತ್ತ ಹಡಗು ನಡೆಸಿದ ವಾಲ್ಟನ್‌ನನ್ನೂ ಹೋಲಿಸಿ ಎಂ.ಎ. ತರಗತಿಗೆ ಪ್ರಬಂಧ ಬರೆಯುತ್ತಿದ್ದೇನೆ. ತಾನು ಸೃಷ್ಟಿಸಿದ ಜೀವಿಯಿಂದಲೇ ತಮ್ಮ, ಗೆಳೆಯ, ಮಡದಿ ಎಲ್ಲರನ್ನೂ ಕಳೆದುಕೊಂಡ ವಿಕ್ಟರ್ ವಾಲ್ಟನ್‌ನ ಹಡಗಿನಲ್ಲೇ ಸಾಯುತ್ತಾನೆ, ಅವನ ಕಥೆಯಿಂದ ಪಾಠ ಕಲಿತ ವಾಲ್ಟನ್ ಹಿಂದಿರುಗುತ್ತಾನೆ ಎಂದು ಮೊದಲ ಕರಡಿನಲ್ಲಿ ಸಲೀಸಾಗಿ ಬರೆದುಬಿಟ್ಟಿದ್ದೆ.

ಆದರೆ ಕಾದಂಬರಿಯ ಕೊನೆಯಲ್ಲಿ ವಾಲ್ಟನ್ ತನ್ನ ಸೋದರಿಗೆ ಬರೆಯುವ ಪತ್ರಗಳನ್ನು ಎರಡು ಬಾರಿ ಓದಿದ ಮೇಲೆ ಆ ವಾದ ನಿಲ್ಲಲಿಲ್ಲ. ಮಂಜುಗಡ್ಡೆಗೆ ಸಿಕ್ಕಿಕೊಂಡ ಹಡಗನ್ನು ದಕ್ಷಿಣಕ್ಕೆ ತಿರುಗಿಸಬೇಕೆಂದು ಪಟ್ಟು ಹಿಡಿಯುವವರು ನಾವಿಕರು. ಒಪ್ಪಿಕೊಂಡ ವಾಲ್ಟನ್, ಹೇಡಿತನದಿಂದ ತನ್ನ ಆಸೆ ಮಣ್ಣುಪಾಲಾಯಿತೆಂದು ಸೋದರಿಗೆ ಬರೆಯುತ್ತಾನೆ. ಇತ್ತ ವಿಕ್ಟರ್, ಮೇಲೇಳಲೂ ತ್ರಾಣವಿಲ್ಲದ ಸ್ಥಿತಿಯಲ್ಲಿ, ಬಂಡೆಯಂತೆ ಗಟ್ಟಿಯಾಗಿರಿ ಎಂದು ಅದೇ ನಾವಿಕರನ್ನು ಹುರಿದುಂಬಿಸುತ್ತಾನೆ. ಸಾಯುವ ಗಳಿಗೆಯಲ್ಲಿ ಮಹತ್ವಾಕಾಂಕ್ಷೆ ಬೇಡವೆಂದವನು ಮರುಕ್ಷಣವೇ, ತಾನು ಸೋತರೂ ಮತ್ತೊಬ್ಬ ಗೆಲ್ಲಬಹುದು ಎನ್ನುತ್ತಾನೆ. (ಇದನ್ನು ಪಶ್ಚಾತ್ತಾಪವೆನ್ನಲು ನನಗಂತೂ ಮನಸ್ಸು ಬಾರದು.) ಗೈಡುಗಳನ್ನು ತಿರುವಿ ಹಾಕಿದೆ, ಎಲ್ಲದರಲ್ಲೂ ‘ವಾಲ್ಟನ್ ಪಾಠ ಕಲಿತ’ ಎಂಬ ಒಂದೇ ಸಾಲು.

ಬಲ್ಲವರು ದಯವಿಟ್ಟು ತಿಳಿಸಿ: ವಾಲ್ಟನ್‌ನ ನಿರ್ಧಾರ ವಿವೇಕದ ಫಲವೆಂದು ತೋರಿಸುವ ಭಾಗ ಕಾದಂಬರಿಯಲ್ಲಿ ಎಲ್ಲಾದರೂ ಇದೆಯೇ? ಇಲ್ಲವಾದರೆ, ಒಬ್ಬನನ್ನು ತಡೆಯಲು ಜೊತೆಗಾರರಿದ್ದರು, ಒಂಟಿಯಾಗಿ ದುಡಿದ ಇನ್ನೊಬ್ಬನಿಗೆ ಯಾರೂ ಇರಲಿಲ್ಲ ಎಂಬುದರ ಮೇಲೆಯೇ ಹೋಲಿಕೆಯನ್ನು ನಿಲ್ಲಿಸಬಹುದೇ?